ಮೂರು ಸಲ ಬೋಳಿಸಿದ ಮೀಸೆಯ ಮರುಪಾವತಿ ಕೋರಿ

ಗೆ,
ಮಾನ್ಯ ಶಾಖಾಧಿಕಾರಿಗಳು,
ಸ್ವಯಂಸೇವಕ ಅಗ್ನಿಶಾಮಕರ ತರಬೇತಿ ವೆಚ್ಚ ಮರುಪಾವತಿ ಶಾಖೆ,
ಮೂರನೆಯ ಮಹಡಿ, ಲಿಫ್ಟ್ ದುರಸ್ತಿಯಲ್ಲಿರುವ ಕಡೆಯ ಬಾಗಿಲು.

ಮಾನ್ಯರೇ,

ತಮಗೂ, ತಮ್ಮ ಶಾಖೆಯ ಸಮಸ್ತ ಸಿಬ್ಬಂದಿಗೂ, ಯಾರೂ ನೀರು ಹಾಕದಿದ್ದರೂ ತಮ್ಮ ಕಿಟಕಿಯಲ್ಲಿ ಹಸಿರಾಗಿಯೇ ನಿಂತು, ಸರ್ಕಾರದ ಅನುದಾನವಿಲ್ಲದೆ ಬದುಕುವುದು ಹೇಗೆಂದು ನಮ್ಮಂಥವರಿಗೆ ಪಾಠ ಹೇಳುತ್ತಿರುವ ಆ ಕಳ್ಳಿ ಗಿಡಕ್ಕೂ ವೀಸೆನ್‌ರೋಡ ಗ್ರಾಮದ ಸ್ವಯಂಸೇವಕ ಅಗ್ನಿಶಾಮಕ ದಳದ ಕಿರಿಯ ಸದಸ್ಯನಾದ ಹಾಲಸಿದ್ದಪ್ಪನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರಲೇಬೇಕು. ತಾವಿರುವ ನಗರದ ಅಗ್ನಿಶಾಮಕ ದಳ ಸಂಬಳದ ದಳ; ಅದಕ್ಕೆ ನಮ್ಮ ಹಾಗೆ ತಮ್ಮ ಶಾಖೆಯ ಕೃಪೆಯನ್ನು ನೆಚ್ಚಿಕೊಂಡು ಕೂರುವ ಗತಿ ಬಂದಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಬೇಡುತ್ತೇನೆ. ಇದಕ್ಕೆ ಮುಂಚೆ ಜರ್ಮನ್ ಭಾಷೆಯಲ್ಲಿ ತಮಗೆ ಹಲವು ಪತ್ರ ಬರೆದಿದ್ದೆ. ಇಲ್ಲಿಯ ಶಾಲೆಯಲ್ಲಿ ಓದುವ ನನ್ನ ಮಗಳು ಸಿಂಚನಾ ಅವುಗಳ ವ್ಯಾಕರಣವನ್ನು ತಿದ್ದಿ, ಅಪ್ಪನಿಗೆ ಇಷ್ಟೂ ಬರುವುದಿಲ್ಲವಲ್ಲ ಎಂದು ಜರ್ಮನ್‌ನಲ್ಲಿಯೇ ಗೊಣಗಿ, ಒಂದು ತಪ್ಪೂ ಉಳಿಯದಂತೆ ಮಾಡಿಕೊಟ್ಟಿದ್ದಳು. ತಿಳಿಯುವ ಭಾಷೆಯಲ್ಲಿ, ತಪ್ಪಿಲ್ಲದೆ, ಕೈಮುಗಿದು ಬರೆದರೂ ತಮಗೆ ತಿಳಿಯುವುದಿಲ್ಲವೆಂದು ಖಚಿತವಾದ ಮೇಲೆ, ತಿಳಿಯದ ಭಾಷೆಯಲ್ಲಿ ಬರೆದು ನೋಡೋಣ ಎನ್ನಿಸಿತು. ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯ ಸಂಪಾದಕಿ ಸ್ಪಂದನಾ ಅವರು ದೊಡ್ಡ ಮನಸ್ಸು ಮಾಡಿ ಇದನ್ನು ಬಹಿರಂಗ ಪತ್ರವಾಗಿ, ಬೇವುಬೆಲ್ಲ ಮಾಡುವ ವಿಧಾನದ ಪಕ್ಕದ ಪುಟದಲ್ಲಿ ಅಚ್ಚು ಹಾಕಲು ಒಪ್ಪಿದ್ದಾರೆ. ಬೇವು ಯಾವ ಪುಟದಲ್ಲಿದೆ ಎಂದು ಓದುಗರು ತಾವೇ ಕಂಡುಕೊಳ್ಳುತ್ತಾರೆ.

ನಾನು ಗೋಕಾಕದವನು. ಜರ್ಮನಿಯ ದಕ್ಷಿಣದ ಬೊಬ್ಲಿಂಗೆನ್ನಿನಲ್ಲಿ ಕಾರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದು, ಆಮೇಲೆ ಗಾಜಿನ ಮಸೂರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೆಂಡತಿ ಕೀರ್ತಿ ಮತ್ತು ಮಗಳೊಂದಿಗೆ ಪೂರ್ವದ ಕಡೆಯ ಈ ಸಣ್ಣ ಊರಿಗೆ ಬಂದೆ. ಮನೆಗೆ ಬಂದ ಮೊದಲ ವಾರವೇ ಡೀಟ್ಸೆಲ್ ಎಂಬ ದಪ್ಪ ಮೀಸೆಯ ಮನುಷ್ಯ ಗಂಟೆ ಒತ್ತಿ, ತಾನು ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥನೆಂದು ಪರಿಚಯ ಹೇಳಿಕೊಂಡಾಗ, ನಮ್ಮ ಕಡೆಯ ಗಣಪತಿ ಮಂಡಳಿಯವರಂತೆ ಚಂದಾ ಕೇಳಲು ಬಂದಿದ್ದಾನೆಂದು ಭಾವಿಸಿ ನಾನು ಒಳಗೆ ಹೋಗಿ ಪಾಕೀಟು ತಂದೆ. ಅವನಿಗೆ ಬೇಕಾಗಿದ್ದುದು ಪಾಕೀಟಲ್ಲ, ನಾನು. ಈ ದೇಶದ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಸರ್ಕಾರಿ ನೌಕರರಲ್ಲ, ಬ್ರೆಡ್ಡಿನ ಅಂಗಡಿಯವರು, ಮೇಷ್ಟ್ರು, ಟ್ರ್ಯಾಕ್ಟರ್ ಓಡಿಸುವವರು, ಸೈರನ್ ಕೂಗಿದೊಡನೆ ಊಟದ ತಟ್ಟೆ ಬಿಟ್ಟು ಓಡುವವರು ಎಂಬುದು ನನಗೆ ಗೊತ್ತಾದದ್ದು ಅವತ್ತೇ. ಇಷ್ಟು ದೊಡ್ಡ ದೇಶದ ಬೆಂಕಿಯನ್ನು ಬಿಡುವಿನ ವೇಳೆಯಲ್ಲಿ ಆರಿಸಿಕೊಳ್ಳುವ ವ್ಯವಸ್ಥೆಯನ್ನು ಕಂಡು ನನಗೆ ನಿಜವಾಗಿಯೂ ಗೌರವ ಮೂಡಿತು. ಅದೇ ಗೌರವದಲ್ಲಿ ಸಹಿ ಹಾಕಿದೆ.

ದಳಕ್ಕೆ ನನ್ನ ಅಗತ್ಯ ಏನೆಂಬುದನ್ನು ತಾವು ಕಡತದಲ್ಲಿ ಓದಿರುತ್ತೀರಿ. ಸಂಚಿಕೆಯ ಓದುಗರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಹೊಗೆ ತುಂಬಿದ ಮನೆಯೊಳಗೆ ಹೋಗಬೇಕಾದರೆ ಮುಖಕ್ಕೆ ಮಾಸ್ಕ್ ಬಿಗಿದು, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಹೋಗಬೇಕು. ಅದಕ್ಕೆ ರಾಜ್ಯದ ತರಬೇತಿ ಶಾಲೆಯಲ್ಲಿ ಒಂದು ವಾರ ಕಲಿತು ಪಾಸಾಗಬೇಕು. ಪಾಸಾದವರು ಜೋಡಿಯಾಗಿಯೇ ಒಳಗೆ ಹೋಗಬೇಕು, ಒಬ್ಬನೇ ಹೋಗುವಂತಿಲ್ಲ. ಒಬ್ಬನೇ ಹೋಗಿ ಬಿದ್ದರೆ ಹೊರಗೆ ತರಬೇಕಾದವರು ಇಬ್ಬರಾಗುತ್ತಾರೆ. ನಮ್ಮ ದಳದಲ್ಲಿ ಹಾಗೆ ಪಾಸಾಗಿ ಉಳಿದವರು ಇಬ್ಬರೇ: ಒಬ್ಬ ಡೀಟ್ಸೆಲ್, ಇನ್ನೊಬ್ಬ ಯೆನ್ಸ್. ಯೆನ್ಸ್ ಲಾರಿ ಚಾಲಕ. ಅವನು ಊರಿನಲ್ಲಿರುವುದಕ್ಕಿಂತ ಸ್ಪೇನಿನ ರಸ್ತೆಗಳ ಮೇಲೆ ಇರುವುದೇ ಹೆಚ್ಚು. ಆದ್ದರಿಂದ ಮೂರನೆಯವನಾಗಿ ನಾನು ಕಲಿತು ಬರಬೇಕೆಂದು ದಳ ತೀರ್ಮಾನಿಸಿತು. ವೈದ್ಯರು ನನ್ನನ್ನು ಸೈಕಲ್ ತುಳಿಸಿ, ಎದೆಗೆ ತಂತಿ ಅಂಟಿಸಿ, ಅಡ್ಡಿಯಿಲ್ಲ ಎಂದರು. ಕಂಪನಿ ರಜೆ ಕೊಟ್ಟಿತು. ಉಳಿದದ್ದು ಮೀಸೆಯೊಂದೇ.

ತರಬೇತಿ ಶಾಲೆಯ ಸೂಚನೆಯಲ್ಲಿ, ಮಾಸ್ಕಿನ ರಬ್ಬರ್ ಅಂಚು ತಾಗುವ ಕಡೆ ಕೂದಲಿರಬಾರದು ಎಂದಿತ್ತು. ಹೊಗೆ ಆ ಸಂದಿಯಲ್ಲೇ ಒಳಗೆ ನುಸುಳುತ್ತದೆಯಂತೆ. ನನ್ನ ಮೀಸೆ ಗೋಕಾಕದ ಮೀಸೆ. ತುದಿಗಳು ಕೆನ್ನೆಯವರೆಗೆ ಹೋಗಿ ಸ್ವಲ್ಪ ಮೇಲೆ ನೋಡುತ್ತಿದ್ದವು. ಆ ತುದಿಗಳನ್ನು ಕತ್ತರಿಸಿದರೆ ಸಾಕು, ತನ್ನ ಮೀಸೆ ನೋಡು, ಹಳೆಯ ಪೂರ್ವ ಜರ್ಮನಿ ಸರ್ಕಾರದ ಕಾಲದಿಂದ ಮಾಸ್ಕಿನೊಳಗೇ ಇದೆ ಎಂದು ಡೀಟ್ಸೆಲ್ ಹೇಳಿದ. ಆದರೆ ಮಾನ್ಯರೇ, ಅವನು ಇಲ್ಲಿಯವನು. ಅವನು ನಿಯಮವನ್ನು ಅರ್ಧ ಪಾಲಿಸಿದರೆ ಅದು ಅನುಭವ. ನಾನು ಅರ್ಧ ಪಾಲಿಸಿದರೆ ಅದು ವಿದೇಶೀಯನ ಉದಾಸೀನ. ನಾವು ಹೊರಗಿನಿಂದ ಬಂದವರು, ನಿಯಮ ಒಂದು ಬೆರಳು ಕೇಳಿದರೆ ಒಂದು ಮೊಳ ಕೊಟ್ಟು, ಇನ್ನೂ ಬೇಕೇ ಎಂದು ವಿಚಾರಿಸುವ ಜನ. ಮೀಸೆಯೂ ಲೆಕ್ಕಕ್ಕೆ ಬರುತ್ತದೆಯೇ ಎಂದು ತಮ್ಮ ಶಾಖೆಗೇ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಇಟ್ಟುಕೊಂಡು ಹೋಗಿ ಬಾಗಿಲಿನಿಂದಲೇ ವಾಪಸ್ ಕಳಿಸಿಕೊಳ್ಳುವುದಕ್ಕಿಂತ ತೆಗೆದು ಹೋಗುವುದು ಲೇಸೆಂದು, ಹದಿನೆಂಟನೆಯ ವಯಸ್ಸಿನಿಂದ ಜೊತೆಗಿದ್ದ ಮೀಸೆಗೆ ಎಳ್ಳುನೀರು ಬಿಟ್ಟೆ.

ಇಲ್ಲೊಂದು ಸಂಗತಿ ತಮಗೆ ತಿಳಿದಿರಲಾರದು. ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ. ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆದರೆ ಅದು ಅಪ್ಪನ ಆಯುಸ್ಸಿಗೆ ಕೈ ಹಾಕಿದಂತೆ. ನನ್ನ ಅಪ್ಪ ದೇವರ ದಯದಿಂದ ಗಟ್ಟಿಮುಟ್ಟಾಗಿದ್ದಾರೆ. ಅಣ್ಣನ ಹಾರ್ಡ್‌ವೇರ್ ಅಂಗಡಿಯ ಗಲ್ಲೆಯ ಮೇಲೆ ಈಗಲೂ ಕೂತು, ಮೊಳೆ ಕೊಳ್ಳಲು ಬಂದವನಿಗೆ ಸುತ್ತಿಗೆಯನ್ನೂ ಮಾರಿ ಕಳಿಸುತ್ತಾರೆ. ಆ ಭಾನುವಾರ ವಿಡಿಯೊ ಕರೆಯಲ್ಲಿ ನನ್ನ ಬೋಳು ಮುಖ ಕಂಡವರೇ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, “ಯಾಕೋ ತಮ್ಮಾ, ನಾ ಇನ್ನೂ ಅದೀನಲ್ಲೋ. ಇಷ್ಟ್ಯಾಕ ಗಡಿಬಿಡಿ?” ಎಂದರು. ಮಾಸ್ಕ್, ರಬ್ಬರ್, ಹೊಗೆ ಎಂದು ನಾನು ವಿವರಿಸಲು ಹೊರಟರೆ ಕರೆ ಕಟ್ಟಾಯಿತು. ನೆಟ್‌ವರ್ಕ್ ಹೋದದ್ದಲ್ಲ.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ತರಬೇತಿಗೆ ಹೊರಡುವ ಮುನ್ನ ದಳದವರೆಲ್ಲ ನಿಂತು ತೆಗೆಸಿಕೊಂಡ ಫೋಟೊವನ್ನು ಕೀರ್ತಿ ಹೆಮ್ಮೆಯಿಂದ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಸಂಕೇಶ್ವರದಲ್ಲಿರುವ ದೂರದ ಸೋದರಮಾವ ಒಬ್ಬರು ಅದನ್ನು ನೋಡಿ, ಬರೆದದ್ದನ್ನು ಓದದೆ, ಮುಖವನ್ನು ಮಾತ್ರ ಓದಿ, ಹೂವಿನ ಹಾರ ಕೊಂಡುಕೊಂಡು ಬಸ್ಸು ಹತ್ತಿಬಿಟ್ಟರು. ಅಂಗಡಿಗೆ ಬಂದು ನೋಡಿದರೆ, ಯಾರಿಗೆ ಹಾರ ಹಾಕಲು ಬಂದಿದ್ದರೋ ಅವರೇ ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದರು. ಅಪ್ಪ ಅವರಿಗೆ ಚಹಾ ಕುಡಿಸಿ, ಹಾರವನ್ನು ಅಂಗಡಿಯ ದೇವರ ಫೋಟೊಗೆ ಹಾಕಿಸಿ, ಸಂಜೆಯ ಬಸ್ಸಿಗೆ ಕಳಿಸಿಕೊಟ್ಟರು. ಊರ ಮಂದಿಯೆದುರು ತಲೆ ತಗ್ಗಿಸಬೇಕಾಯಿತೆಂದು ನನ್ನೊಡನೆ ಮಾತು ಬಿಟ್ಟರು. ಆ ಹಾರದ ಮತ್ತು ಬಸ್ಸಿನ ಖರ್ಚನ್ನು ಯಾವ ಬಾಬ್ತಿನಲ್ಲಿ ಕೇಳಬೇಕೆಂದು ತಾವು ಇನ್ನೂ ತಿಳಿಸಿಲ್ಲ.

ಇಷ್ಟೆಲ್ಲ ಆಗಿ ವಾರದ ಬಳಿಕ ಸೋಮವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಲ್ಲಿ ಅಕ್ಕಪಕ್ಕದ ಊರಿನವರೊಂದಿಗೆ ಹೊರಟೆ. ಅರ್ಧ ದಾರಿಯಲ್ಲಿ, ಹೆದ್ದಾರಿಯ ಪಕ್ಕದ ತಂಗುದಾಣದಲ್ಲಿ ಕಾಫಿಗೆ ನಿಲ್ಲಿಸಿದಾಗ ನಮ್ಮನ್ನು ಬಿಡಲು ಜೊತೆಗೆ ಬಂದಿದ್ದ ಡೀಟ್ಸೆಲ್‌ನ ಫೋನಿಗೆ ತಮ್ಮ ಸಂದೇಶ ಬಂತು. ಶಾಸನಸಭೆಯಲ್ಲಿ ಆಯವ್ಯಯ ಅಂಗೀಕಾರವಾಗಿಲ್ಲ, ಆದ್ದರಿಂದ ಕಡ್ಡಾಯವಲ್ಲದ ಖರ್ಚುಗಳೆಲ್ಲ ನಿಂತಿವೆ, ಆದ್ದರಿಂದ ತರಬೇತಿ ರದ್ದು, ಆದ್ದರಿಂದ ತಮಗೆ ವಿಷಾದ. ಒಂದೇ ಉಸಿರಿನಲ್ಲಿ ಮೂರು ‘ಆದ್ದರಿಂದ’ ಬಳಸಿದ ಆ ಶೈಲಿಯನ್ನು ನಾವೆಲ್ಲ ಮೆಚ್ಚಿಕೊಂಡೆವು. ವಾರಕ್ಕಾಗುವಷ್ಟು ಕೀರ್ತಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಬಿಚ್ಚಿ ತಿಂದು, ವ್ಯಾನನ್ನು ಊರಿಗೆ ತಿರುಗಿಸಿದೆವು.

ಎರಡನೆಯ ಸಲ ತಾರೀಖು ಬಂದಾಗ ಮೀಸೆ ಮತ್ತೆ ಮೀಸೆ ಎನ್ನಿಸಿಕೊಳ್ಳುವಷ್ಟು ಬೆಳೆದಿತ್ತು. ಮತ್ತೆ ತೆಗೆದೆ. ಈ ಸಲ ಹೊರಡುವ ಹಿಂದಿನ ಸಂಜೆಯೇ ರದ್ದಾಯಿತು. ತಾತ್ಕಾಲಿಕವಾಗಿ ಕೊಟ್ಟಿದ್ದ ಅನುದಾನದ ಅವಧಿ ಮುಗಿದು, ಮುಂದಿನ ತಾತ್ಕಾಲಿಕ ಇನ್ನೂ ಹುಟ್ಟಿರಲಿಲ್ಲವಂತೆ. ನಮ್ಮ ಸಮಯ ಉಳಿಸಿದ ತಮ್ಮ ಆ ಮುಂದಾಲೋಚನೆಗೆ ವಂದನೆಗಳು. ಮೂರನೆಯ ಸಲ ನಾವು ಶಾಲೆಯ ಗೇಟಿನವರೆಗೂ ಹೋದೆವು. ಬೋಧಕರಿದ್ದರು, ಕೋಣೆಗಳಿದ್ದವು, ಹೊಗೆ ಉಗುಳುವ ಯಂತ್ರವೂ ಇತ್ತು. ಯಂತ್ರಕ್ಕೆ ಹಾಕುವ ದ್ರವಕ್ಕೆ ಮಂಜೂರಾತಿ ಇರಲಿಲ್ಲ. ಹೊಗೆಯಿಲ್ಲದೆ ಹೊಗೆಯ ತರಬೇತಿ ಕೊಡಲಾಗದು ಎಂದು ಬೋಧಕರು ನಾಚಿಕೊಂಡೇ ಹೇಳಿದರು. ಡೀಟ್ಸೆಲ್ ಮೊದಲ ಎರಡು ಸಲ ನನ್ನ ಮುಖ ನೋಡಿ ನಕ್ಕಿದ್ದ. ಈ ಸಲ ನಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅವನು ನನಗೆ ಸಲಕರಣೆಯ ಕೊಟ್ಟಿಗೆಯಲ್ಲೇ ಮಾಸ್ಕಿನ ಗಾಜಿಗೆ ಕಪ್ಪು ಕಾಗದ ಅಂಟಿಸಿ, ಕತ್ತಲೆಯಲ್ಲಿ ಅಂಬೆಗಾಲಿಡಿಸಿ, ಆಲೂಗಡ್ಡೆ ಮೂಟೆಯನ್ನು ಮನುಷ್ಯನೆಂದು ತಿಳಿದು ಎಳೆದು ತರುವುದನ್ನು ಕಲಿಸಿದ. ಇದು ಲೆಕ್ಕಕ್ಕೆ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಲೂಗಡ್ಡೆಗೆ ಮಾತ್ರ ಗೊತ್ತಿರಲಿಲ್ಲ.

ಇನ್ನು ಮರುಪಾವತಿ. ವ್ಯಾನಿನ ಬಾಡಿಗೆ, ವಾಪಸ್ ಕೊಡದ ವಸತಿಗೃಹದ ಮುಂಗಡ, ರಜೆ ಹಾಕಿದವರ ದಿನಗೂಲಿ, ಇವನ್ನೆಲ್ಲ ನಮ್ಮ ದಳ ತನ್ನ ಪುಟ್ಟ ಹುಂಡಿಯಿಂದ ಕೊಟ್ಟು, ರದ್ದು ಮಾಡಿದವರು ತಾವಾದ್ದರಿಂದ ತಮ್ಮನ್ನು ಕೇಳಿತು. ತಾವು ಕಳಿಸಿದ ತೀರ್ಪಿನ ಪ್ರತಿಯನ್ನು ನಾನು ದೇವರ ಗೂಡಿನ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನಡೆದ ತರಬೇತಿಯ ವೆಚ್ಚವನ್ನು ಮಾತ್ರ ಮರುಪಾವತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ನಡೆಯದ ತರಬೇತಿಯಿಂದ ವೆಚ್ಚ ಉಂಟಾಗಲಾರದು ಎಂದು ಅದರಲ್ಲಿದೆ. ಎಂಥ ಮಾತು! ಇರುವುದು ಇಲ್ಲವೋ, ಇಲ್ಲದ್ದು ಇದೆಯೋ ಎಂದು ನಮ್ಮ ದೇಶದ ಜ್ಞಾನಿಗಳು ಕಾಡಿಗೆ ಹೋಗಿ ಗಡ್ಡ ಬೆಳೆಸಿಕೊಂಡು ತಲೆ ಕೆಡಿಸಿಕೊಂಡರು. ತಾವು ಗಡ್ಡವಿಲ್ಲದೆ, ಮೂರನೆಯ ಮಹಡಿಯಲ್ಲಿ ಕೂತು, ಒಂದೇ ಸಾಲಿನಲ್ಲಿ ಇತ್ಯರ್ಥ ಮಾಡಿದಿರಿ.

ಹುಂಡಿ ಬರಿದಾದ ಮೇಲೆ ಬೇಸಿಗೆಯಲ್ಲಿ ದಳದ ವಾರ್ಷಿಕ ಹಬ್ಬ ಬಂತು. ಪ್ರತಿ ವರ್ಷ ಸಾಸೇಜು, ಬಿಯರು ಮಾರುವುದು ರೂಢಿ. ಈ ಸಲ ಕೀರ್ತಿ ಮೈದಾನದಲ್ಲಿ ದೊಡ್ಡ ಬಾಣಲೆ ಇಟ್ಟು ಮಿರ್ಚಿ ಭಜಿ ಕರಿದಳು. ಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಒಬ್ಬ ತಿಂದು ಕಣ್ಣೀರು ಸುರಿಸಿದ. ಅವನನ್ನು ನೋಡಿ ನಗಲು ಬಂದವರು ತಾವೂ ತಿಂದು ಅತ್ತರು. ಅತ್ತವರು ಬಿಯರ್ ಕುಡಿದರು. ಕುಡಿದವರು ಮತ್ತೆ ಭಜಿಗೆ ಬಂದರು. ಬೆಂಕಿ ಆರಿಸುವವರೇ ಬೆಂಕಿ ಮಾರುತ್ತಿದ್ದಾರೆಂದು ಪಾದ್ರಿಗಳು ತಮಾಷೆ ಮಾಡಿದರು. ಹುಂಡಿ ಒಂದಿಷ್ಟು ತುಂಬಿತು. ಈ ವಾರ್ತೆಯನ್ನು ಊರಿನ ಪತ್ರಿಕೆಯಲ್ಲಿ ಓದಿದ ತಮ್ಮ ಶಾಖೆ, ದಳಕ್ಕೆ ಸ್ವಂತ ಆದಾಯವಿರುವುದು ಕಂಡುಬಂದಿದೆಯೆಂದೂ, ಮುಂದೆ ಯಾವುದೇ ಮರುಪಾವತಿಯಲ್ಲಿ ಅದನ್ನು ಕಳೆಯಲಾಗುವುದೆಂದೂ ಬರೆಯಿತು. ಇಲ್ಲದ ವೆಚ್ಚದಿಂದ ಇರುವ ಭಜಿಯನ್ನು ಕಳೆದರೆ, ನನ್ನ ಎಂಜಿನಿಯರಿಂಗ್ ಓದಿನ ಪ್ರಕಾರ, ನಾವೇ ಸರ್ಕಾರಕ್ಕೆ ಬಾಕಿ ನಿಲ್ಲುತ್ತೇವೆ. ಆ ಬಾಕಿಯನ್ನು ಭಜಿಯ ರೂಪದಲ್ಲಿಯೇ ತೀರಿಸಲು ಕೀರ್ತಿ ಸಿದ್ಧಳಿದ್ದಾಳೆ. ತಾವು ಖುದ್ದಾಗಿ ಬರಬೇಕು, ತಮಗೆಂದು ಬೇರೆ ಜಾತಿಯ ಮೆಣಸಿನಕಾಯಿ ತೆಗೆದಿಟ್ಟಿದ್ದಾಳೆ.

ವ್ಯಾನು, ವಸತಿ, ದಿನಗೂಲಿ ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ನನ್ನ ಮೀಸೆಯನ್ನಾದರೂ ಮರಳಿಸಬೇಕೆಂಬುದು ಈ ಪತ್ರದ ಮೂಲ ಪ್ರಾರ್ಥನೆ. ಹಣವಾಗಿ ಬೇಡ, ಮೀಸೆಯಾಗಿಯೇ ಬೇಕು. ಕೂದಲು ತಾನಾಗಿ ಬೆಳೆಯುತ್ತದೆ, ಆದ್ದರಿಂದ ನಷ್ಟವಿಲ್ಲ ಎಂದು ತಾವು ಬರೆಯುತ್ತೀರೆಂದು ಬಲ್ಲೆ. ಆದರೆ ಮೊದಲ ಸಲ ನಾನು ಸರ್ಕಾರಕ್ಕೆ ಒಪ್ಪಿಸಿದ್ದು ಕರಿ ಮೀಸೆ, ಮೂರನೆಯ ಸಲದ ನಂತರ ಮರಳಿ ಬಂದದ್ದು ಬಿಳಿ ಮೀಸೆ. ನಡುವಿನ ಬಣ್ಣ ಯಾರ ಕಡತದಲ್ಲಿ ಸೇರಿಕೊಂಡಿದೆ ಎಂಬುದನ್ನು ಪತ್ತೆ ಹಚ್ಚಿಸಿಕೊಡಬೇಕು.

ಇಲ್ಲಿಯವರೆಗೆ ತಮಾಷೆಯಾಗಿ ಬರೆದೆ. ಬರೆಯಲು ಸಾಧ್ಯವಾಯಿತು. ಮುಂದಿನದು ಹಾಗೆ ಬರುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ.

ನಮ್ಮ ಮನೆಯ ಎದುರು ಲೀಬೆಟ್ರೌ ಎಂಬ ಅಜ್ಜಿಯ ಮನೆ. ನಾವು ಈ ಊರಿಗೆ ಬಂದಾಗ ಮೊದಲು ಪ್ಲಮ್ ಹಣ್ಣಿನ ಕೇಕು ತಂದುಕೊಟ್ಟವರು ಅವರು. ಕೀರ್ತಿ ಖಾಲಿ ತಟ್ಟೆ ವಾಪಸ್ ಕೊಡಬಾರದೆಂದು ಶೇಂಗಾ ಹೋಳಿಗೆ ಇಟ್ಟು ಕೊಟ್ಟಳು. ಅವರೂ ಖಾಲಿ ತಟ್ಟೆ ಕೊಡುವವರಲ್ಲ. ಆ ಒಂದು ತಟ್ಟೆ ರಸ್ತೆಯ ಆಚೆ ಈಚೆ ಓಡಾಡುತ್ತಲೇ ಇತ್ತು. ಶಾಲೆ ಬಿಟ್ಟ ಮೇಲೆ ನಾವು ಬರುವವರೆಗೆ ಸಿಂಚನಾ ಅವರ ಅಡುಗೆಮನೆಯ ಮೇಜಿನ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಅವಳ ಜರ್ಮನ್ ತಮ್ಮ ಶಾಖೆಗೆ ಪತ್ರ ಬರೆಯುವಷ್ಟು ಚೆನ್ನಾಗಿ ಆದದ್ದು ಆ ಮೇಜಿನ ಮೇಲೆಯೇ. ಓಮಾ ಎಂದು ಕರೆಯುತ್ತಿದ್ದಳು, ಅಂದರೆ ಅಜ್ಜಿ.

ನವೆಂಬರಿನ ಒಂದು ಭಾನುವಾರ, ಊಟವಾಗಿ ಬಿಸಿಲು ಬಿದ್ದಿದ್ದ ಹೊತ್ತು, ಸೈರನ್ ಕೂಗಿತು. ಬೂಟು ಹಾಕಿಕೊಂಡು ಹೊರಗೆ ಓಡಿ ಬಂದರೆ ಎದುರು ಮನೆಯ ಕೆಳಗಿನ ಕಿಟಕಿಗಳಿಂದ ಕರಿ ಹೊಗೆ ಸುರಿಯುತ್ತಿತ್ತು. ಲೀಬೆಟ್ರೌ ಅಜ್ಜಿ ಮಹಡಿಯ ಕಿಟಕಿ ತೆರೆದು ನಿಂತಿದ್ದರು. ಕೂಗಲಿಲ್ಲ. ನಾನು ದಳದ ಕಟ್ಟಡಕ್ಕೆ ಓಡಿ, ಗಾಡಿಯೊಂದಿಗೆ ಎಲ್ಲರೂ ವಾಪಸ್ ಬರುವಷ್ಟರಲ್ಲಿ ಕಿಟಕಿ ಖಾಲಿಯಾಗಿತ್ತು, ಅಲ್ಲಿಂದಲೂ ಹೊಗೆ ಬರುತ್ತಿತ್ತು. ಏಣಿ ಹಾಕಿದೆವು. ನೀರು ಬಿಟ್ಟೆವು. ಡೀಟ್ಸೆಲ್ ಸಿಲಿಂಡರ್ ಹೊತ್ತು, ಮಾಸ್ಕ್ ಬಿಗಿದುಕೊಂಡು, ತನ್ನ ಜೊತೆಗಾರನಿಗಾಗಿ ತಿರುಗಿ ನೋಡಿದ. ಯೆನ್ಸ್ ಸ್ಪೇನಿನಲ್ಲಿದ್ದ. ಅವನ ಬೆನ್ನ ಹಿಂದೆ ಇದ್ದವನು ನಾನು. ನಾನು ಎರಡನೆಯ ಮಾಸ್ಕಿಗೆ ಕೈ ಹಾಕಿದೆ. ಅವನು ನನ್ನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿ, “ನೀನಲ್ಲ, ಹಾಲಾ. ನಿನ್ನನ್ನೂ ಹುಡುಕಿ ತರಲು ನನ್ನಿಂದಾಗುವುದಿಲ್ಲ” ಎಂದ.

ಅವನು ಹೇಳಿದ್ದು ಸರಿ. ಆಲೂಗಡ್ಡೆ ಮೂಟೆ ಎಳೆದವನನ್ನು ನಂಬಿ ಯಾರೂ ಒಳಗೆ ಹೋಗಬಾರದು. ಪಕ್ಕದ ಪೇಟೆಯ ದಳ ಬರುವವರೆಗೆ ನಾವು, ಎಲ್ಲ ಸಲಕರಣೆ ಇದ್ದವರು, ಅಜ್ಜಿಯ ಅಂಗಳದಲ್ಲಿ ನಿಂತಿದ್ದೆವು. ಎಷ್ಟು ಹೊತ್ತು ನಿಂತೆವೆಂಬುದು ತಮ್ಮ ವರದಿಯಲ್ಲಿದೆ. ನನಗೆ ಬರೆಯಲು ಇಷ್ಟವಿಲ್ಲ. ಡೀಟ್ಸೆಲ್ ಏಣಿಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೆಯೇ ನಿಂತಿದ್ದ. ನಮ್ಮ ಮನೆಯ ಬಾಗಿಲಲ್ಲಿ ಸಿಂಚನಾ ನಿಂತು, ಅಪ್ಪಾ ಯಾಕೆ ಹೋಗುತ್ತಿಲ್ಲ, ಅಪ್ಪಾ ಯಾಕೆ ಹೋಗುತ್ತಿಲ್ಲ ಎಂದು ಕನ್ನಡದಲ್ಲಿ ಕೇಳುತ್ತಿದ್ದಳು. ಎಷ್ಟು ಹೇಳಿದರೂ ಜರ್ಮನ್‌ನಲ್ಲೇ ಉತ್ತರಿಸುವ ಹುಡುಗಿ. ಕೀರ್ತಿ ಅವಳನ್ನು ಒಳಗೆ ಎಳೆದುಕೊಂಡಳು. ಆಮೇಲೆ ಪೇಟೆಯ ದಳದ ಇಬ್ಬರು ಏಣಿ ಹತ್ತಿ ಒಳಗಿಳಿದು, ಅಜ್ಜಿಯನ್ನು ಹೊರಗೆ ತಂದರು. ಉಸಿರಿತ್ತು.

ಉಸಿರು ಈಗಲೂ ಇದೆ, ಕೊಳವೆಯ ಮೂಲಕ. ಶ್ವಾಸಕೋಶ ಸುಟ್ಟು ಹೋಗಿ, ನಗರದ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಊರಿಗೆ ಮರಳುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನಾವು ಮೂವರೂ ನೋಡಲು ಹೋಗಿದ್ದೆವು. ಏಕೆ ಬರಲಿಲ್ಲ ಎಂದು ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಕೈ ಹಿಡಿದು, ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತ, “ಕಿಟಕಿಯಿಂದ ನೋಡಿದೆ, ನೀನು ನಮ್ಮವರನ್ನು ಕರೆಯಲು ಓಡುತ್ತಿದ್ದೆ. ಹಾಗಾಗಿ ನನಗೆ ಹೆದರಿಕೆಯಾಗಲಿಲ್ಲ” ಎಂದರು. ಹೊರಗೆ ಬಂದು ಪಾರ್ಕಿಂಗ್ ಜಾಗದಲ್ಲಿ ನಾನು ಅತ್ತೆ. ನಾಚಿಕೆಯಾಗಿ ಅತ್ತೆ, ಸಿಟ್ಟಿಗೂ ಅತ್ತೆ. ಆ ಸಿಟ್ಟು ಇನ್ನೂ ಇದೆ, ಮಾನ್ಯರೇ. ಈ ಪತ್ರದಲ್ಲಿ ಎಲ್ಲೆಲ್ಲಿ ತಮ್ಮನ್ನು ಹೊಗಳಿದ್ದೇನೋ ಅಲ್ಲೆಲ್ಲ ಅದೇ ಇದೆ.

ಘಟನೆಯ ನಂತರ ಡೀಟ್ಸೆಲ್ ತಮಗೆ ಬರೆದ. ಮೂರು ತರಬೇತಿಗಳಲ್ಲಿ ಒಂದಾದರೂ ನಡೆದಿದ್ದರೆ ಆ ದಿನ ಇಬ್ಬರಿರುತ್ತಿದ್ದೆವು ಎಂದು ಎರಡೇ ಸಾಲು. ನಡೆಯದ ತರಬೇತಿಗೂ ನಡೆದ ಅವಘಡಕ್ಕೂ ಸಂಬಂಧ ಕಲ್ಪಿಸಲು ಬರುವುದಿಲ್ಲ ಎಂದು ತಾವು ಉತ್ತರಿಸಿದಿರಿ. ಒಪ್ಪಿದೆ. ನಡೆಯದ್ದಕ್ಕೆ ವೆಚ್ಚವೂ ಇಲ್ಲ, ಪರಿಣಾಮವೂ ಇಲ್ಲವೆಂದ ಮೇಲೆ, ನಾನು ಮೂರು ಬಾರಿ ತರಬೇತಿ ಪಡೆಯದಿರುವುದನ್ನು ಯಶಸ್ವಿಯಾಗಿ ಪೂರೈಸಿದ್ದೇನೆಂದು ಒಂದು ಪ್ರಮಾಣಪತ್ರ ದಯಪಾಲಿಸಬೇಕು. ಚೌಕಟ್ಟು ಹಾಕಿಸಿ ಅಜ್ಜಿಯ ಹಾಸಿಗೆಯೆದುರಿನ ಗೋಡೆಗೆ ನೇತುಹಾಕುತ್ತೇನೆ. ಜೊತೆಗೆ, ಆಯವ್ಯಯ ಅಂಗೀಕಾರವಾಗುವವರೆಗೆ ಕಡ್ಡಾಯವಲ್ಲದ ಬೆಂಕಿಗಳೆಲ್ಲ ತಮ್ಮ ಚಟುವಟಿಕೆಯನ್ನು ನಿಲ್ಲಿಸತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಿ, ರಾಜ್ಯದ ಎಲ್ಲ ಒಲೆ, ಹೊಗೆಗೂಡು, ಹಳೆಯ ವೈರುಗಳಿಗೆ ಪ್ರತಿ ಕಳಿಸಬೇಕು. ತರಬೇತಿ ಶಾಲೆಗೆ ಸಿಗದ ಹೊಗೆ ಲೀಬೆಟ್ರೌ ಅಜ್ಜಿಯ ಮನೆಗೆ ಯಾವ ಮಂಜೂರಾತಿಯೂ ಇಲ್ಲದೆ ಹೇಗೆ ಬಂತೆಂದು ಲೆಕ್ಕಪರಿಶೋಧನೆ ನಡೆಸಬೇಕು. ತಪ್ಪಿತಸ್ಥ ಹೊಗೆಯ ಮೇಲೆ ಕ್ರಮ ಜರುಗಿಸಬೇಕು.

ನಾಲ್ಕನೆಯ ತಾರೀಖು ಬಂದಿದೆ, ಯುಗಾದಿಯ ಮರುವಾರ. ಅನುದಾನದ ಲಭ್ಯತೆಗೆ ಒಳಪಟ್ಟು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಮೀಸೆಯ ಬಗ್ಗೆ ಉತ್ತರ ಈ ಸಲವೂ ಇಲ್ಲ. ಮಾತು ಬಿಟ್ಟಿದ್ದ ಅಪ್ಪನಿಗೆ ನಾನೇ ಫೋನ್ ಮಾಡಿ, ಎದುರು ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಅರ್ಧಕ್ಕೆ ಕಟ್ ಮಾಡದೆ ಕೊನೆಯವರೆಗೂ ಕೇಳಿದರು. ಅಂಗಡಿಯಲ್ಲಿ ಯಾರೋ ಮೊಳೆ ಕೇಳಿದರು, ತಡೀರಿ ಎಂದರು. ಆಮೇಲೆ ನನಗೆ, “ಬೋಳಸ್ಕೋ. ನಾನಽ ಹೇಳಾಕತ್ತೇನಿ, ಬೋಳಸ್ಕೊಂಡು ಹೋಗು. ಮಂದಿ ಹಾರ ತಗೊಂಡು ಬಂದ್ರ ನಾ ಹಾಕ್ಕೊಂಡು ಕುಂದರ್ತೀನಿ” ಎಂದರು. ಎಂಬತ್ತು ದಾಟಿದ ಮನುಷ್ಯ ತನ್ನ ಆಯುಸ್ಸನ್ನು ತಮ್ಮ ತರಬೇತಿಗೆ ಮುಂಗಡವಾಗಿ ಕಟ್ಟಿದ್ದಾರೆ. ಇದು ವಾಪಸ್ ಬರುವ ಮುಂಗಡವಲ್ಲವೆಂಬುದನ್ನು ದಯವಿಟ್ಟು ಗಮನಿಸಿ. ಈ ಸಲವೂ ರದ್ದು ಮಾಡುವುದಿದ್ದರೆ ನನಗೆ ಬರೆಯಬೇಡಿ. ಗೋಕಾಕದ ಅಂಗಡಿಯ ವಿಳಾಸ ಲಗತ್ತಿಸಿದ್ದೇನೆ. ತಾವೇ ಅವರಿಗೆ ಬರೆದು ವಿಷಾದ ವ್ಯಕ್ತಪಡಿಸಬೇಕು.

ತಮ್ಮ ಅಮೂಲ್ಯ ಸಮಯವನ್ನು ಇಷ್ಟು ತೆಗೆದುಕೊಂಡದ್ದಕ್ಕೆ ಮನ್ನಿಸಿ, ಅದನ್ನು ಮರುಪಾವತಿ ಮಾಡಲು ನನ್ನ ಬಳಿಯೂ ಅನುದಾನವಿಲ್ಲವೆಂದು ತಿಳಿಸಲು ವಿಷಾದಿಸುತ್ತ,

ಬೋಳು ಮುಖದ,
ತಮ್ಮ ವಿಶ್ವಾಸಿ,
ಹಾಲಸಿದ್ದಪ್ಪ
ವೀಸೆನ್‌ರೋಡ

ತಾ.ಕ.: ಎದುರು ಮನೆಗೆ ಸುಣ್ಣಬಣ್ಣ ಬಳಿದು ಬಾಡಿಗೆಗೆ ಕೊಟ್ಟಿದ್ದಾರೆ. ಕಳೆದ ವಾರ ಒಂದು ಸಣ್ಣ ವಯಸ್ಸಿನ ದಂಪತಿ, ಕೈಗೂಸಿನೊಂದಿಗೆ ಮಹಡಿಯ ಕೋಣೆಗಳಿಗೆ ಬಂದಿದ್ದಾರೆ. ಮನೆ ಒಮ್ಮೆ ಸುಟ್ಟದ್ದೆಂದು ಕೇಳಿ ಆ ತಾಯಿಗೆ ಅಳುಕು. ನನ್ನ ಸಮವಸ್ತ್ರ ಒಣಗಲು ಹಾಕಿದ್ದನ್ನು ಕಂಡು ರಸ್ತೆ ದಾಟಿ ಬಂದು, ಅಗ್ನಿಶಾಮಕ ದಳ ಹತ್ತಿರದಲ್ಲಿದೆಯೇ ಎಂದು ಕೇಳಿದರು. ಬಹಳ ಹತ್ತಿರ, ನಿಮ್ಮ ಕಿಟಕಿಯಿಂದಲೇ ಕಾಣುತ್ತದೆ ಎಂದೆ. ಅವರಿಗೆ ಸಮಾಧಾನವಾಯಿತು, ಮಗುವಿನ ಕೈ ಹಿಡಿದು ನನ್ನತ್ತ ಬೀಸಿಸಿ ಹೋದರು. ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ತಾವು ಒಮ್ಮೆ ಬಂದು ಅವರ ಗಂಟೆ ಒತ್ತಿ, ತಾವೇ ಹೇಳಬೇಕಾಗಿ ಕೋರುತ್ತೇನೆ.